ಹುಣಸೆಹಣ್ಣು ಹಚ್ಚಬೇಡಿ, ದುಡ್ಡು ಕಳಿಸಬೇಡಿ

ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪ ಜಗಲಿ ಮೇಲೆ ಫೋನು ಹಿಡ್ಕೊಂಡು ಕೂತಿದ್ದರು. ಪಕ್ಕದಲ್ಲಿ ಅಜ್ಜಿಯ ಹಿತ್ತಾಳೆ ಎಲೆಅಡಿಕೆ ಡಬ್ಬಿ. ಅದರಲ್ಲಿ ಒಂದಿಷ್ಟು ನಾಣ್ಯ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು. "ಈ ನೋಟಿಗೆ ಲಕ್ಷಗಟ್ಟಲೆ ಕೊಡ್ತಾರಂತೆ ಕಣೋ. ಮೊದಲು ರಿಜಿಸ್ಟ್ರೇಷನ್ನಿಗೆ 2,500 ಕಳಿಸಬೇಕಂತೆ" ಅಂದರು. ಪುಣ್ಯಕ್ಕೆ ಇನ್ನೂ ಕಳಿಸಿರಲಿಲ್ಲ.

ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಕೊಳ್ಳುವವನು ನಮಗೆ ದುಡ್ಡು ಕೊಡಬೇಕು, ನಮ್ಮಿಂದ ಕೇಳೋದಲ್ಲ, ಅಲ್ವಾ? ಹಳೇ ನೋಟು, ನಾಣ್ಯ ಕೊಳ್ಳೋ ಇಂಥ ವ್ಯವಹಾರ ತಾನು ಮಾಡಲ್ಲ, ಕಮಿಷನ್ ಕೇಳಲ್ಲ, ತನ್ನ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ಆ ಮಾತು ಹಳ್ಳಿ ಮನೆಗೆ ಮುಟ್ಟಿಲ್ಲ. ಮೋಸದ ಜಾಹೀರಾತು ಮಾತ್ರ ದಿನಾ ಮುಟ್ಟುತ್ತೆ.

ಅಕ್ಕಸಾಲಿಯ ಮನೆಯಿಂದ ಪುಟ್ಟ ತಕ್ಕಡಿ ತಂದು, ಇಬ್ಬರೂ ಕೂತು ಒಂದೊಂದೇ ನಾಣ್ಯ ನೋಡಿದೆವು. ಐದನೇ ಜಾರ್ಜ್ ತಲೆಯ 1918ರ ರೂಪಾಯಿ. ಹೊಸದರಲ್ಲಿ ಅದರ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ನೂರಕ್ಕೆ 91 ಪಾಲಿಗಿಂತ ಜಾಸ್ತಿ ಬೆಳ್ಳಿ. 1944ರದ್ದೂ ಅಷ್ಟೇ ತೂಗುತ್ತೆ, ಆದರೆ ಬೆಳ್ಳಿ ಅರ್ಧ ಮಾತ್ರ. ಯುದ್ಧದ ಕಾಲದಲ್ಲಿ ಇಳಿಸಿಬಿಟ್ಟಿದ್ದರು. 1947ರದ್ದು ಫ್ರಿಜ್ಜಿನ ಅಯಸ್ಕಾಂತಕ್ಕೆ ಟಪ್ ಅಂತ ಅಂಟಿಕೊಂಡಿತು. ಅದು ನಿಕಲ್, ಬೆಳ್ಳಿಯೇ ಇಲ್ಲ!

ಚಿಕ್ಕಪ್ಪನಿಗೆ ಜಾಸ್ತಿ ಆಸೆ ಇದ್ದದ್ದು ರಾಮ ಪಟ್ಟಾಭಿಷೇಕದ ಬಿಲ್ಲೆ ಮೇಲೆ. 'ಈಸ್ಟ್ ಇಂಡಿಯಾ ಕಂಪನಿ, 1818, ಒಂದು ಆಣೆ' ಅಂತಿದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಆಮೇಲೆ ಯಾರೋ ಅಚ್ಚು ಹಾಕಿ ಮಾರಿದ್ದು. ದೇವರ ಮನೆಯಲ್ಲಿ ಇರಲಿ ಅಂದೆ. ಪಾಪ, ಮುಖ ಸಣ್ಣಗಾಯಿತು.

ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಅನ್ನೋದೇ ಮುಖ್ಯ. ಐದನೇ ಜಾರ್ಜ್‌ನದ್ದೇ 1911ರ ರೂಪಾಯಿ ನೋಡಿ. ಅದರಲ್ಲಿದ್ದ ಪುಟ್ಟ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆಯಾಗಿ ವಾಪಸ್ ಪಡೆದು ಕರಗಿಸಿದರು. ಹಾಗಾಗಿ ಅದಕ್ಕೆ ಬೇಡಿಕೆ ಜಾಸ್ತಿ. ಇನ್ನೊಂದು, ಆನ್‌ಲೈನಿನಲ್ಲಿ ಯಾರೋ ಹಾಕಿದ ಲಕ್ಷದ ರೇಟು ನಂಬಬೇಡಿ. ನಾಣ್ಯದ ಹರಾಜಿನಲ್ಲಿ ನಿಜಕ್ಕೂ ಎಷ್ಟಕ್ಕೆ ಹೋಯಿತು ನೋಡಿ.

ಇಷ್ಟೆಲ್ಲ ನೋಡುವಾಗ ಚಿಕ್ಕಮ್ಮ ಒಳಗಿಂದ ಹುಣಸೆಹಣ್ಣು ನೆನೆಹಾಕಿ ತಂದರು. ಕೈಯಲ್ಲಿ ಒಂದು ಕಪ್ಪು ತಾಮ್ರದ ಕಾಸು. "ತಿಕ್ಕಿದ್ರೆ ಫಳಫಳ ಆಗುತ್ತೆ" ಅಂದರು. ಬೇಡ ಚಿಕ್ಕಮ್ಮ ಅಂತ ಕಿತ್ತುಕೊಂಡೆ. ಬಿಸಿಲಿಗೆ ಓರೆಯಾಗಿ ಹಿಡಿದರೆ 'ಮಯಿಲಿ ಕಾಸು' ಅಂತ ಕನ್ನಡ ಅಕ್ಷರ! ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ನಾಣ್ಯ. ಕಾಸಿನ ಮೇಲೆ ವರ್ಷಗಟ್ಟಲೆ ಕೂತ ಆ ಕಪ್ಪು ಪದರವನ್ನೇ ಸಂಗ್ರಹಕಾರರು ಮೊದಲು ನೋಡೋದು. ತಿಕ್ಕಿದರೆ ಅರ್ಧ ಬೆಲೆ ಹುಣಸೆ ನೀರಿನ ಜೊತೆ ಬಚ್ಚಲಿಗೆ ಹೋಗುತ್ತೆ.

ಫೋಟೋ ನೋಡಿ ಅಮೆರಿಕದ ತಮ್ಮ "ನನಗೆ ಕಳಿಸು" ಅಂದ. ಆಗಲ್ಲಪ್ಪ ಅಂದೆ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ನಾವು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ, 1972ರ ಕಾಯ್ದೆಯಿದೆ.

ಅಜ್ಜಿಯ ತಾಮ್ರದ ಹಂಡೆಯೂ ಇರಬೇಕಿತ್ತು. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಮುತ್ತಜ್ಜನ ಹೆಸರು ಕೊರೆಸಿದ್ದರು. ನಾನು ಚಿಕ್ಕವನಿದ್ದಾಗ ಅದನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಂದರು. ಆ ಡಬ್ಬಿಯಲ್ಲಿ ಈಗಲೂ ಚಿಕ್ಕಮ್ಮ ರಾಗಿಹಿಟ್ಟು ಇಡುತ್ತಾರೆ.