ಇಪ್ಪತ್ತು ಪೌಂಡಿನ ಒರಿಜಿನಲ್

"ಎ4 ಹಾಳೆಯಷ್ಟಿದೆ ಕಣ್ರೀ, ಅಷ್ಟೇ!" ಮೊನ್ನೆ ಮನೆಗೆ ಬಂದವರೊಬ್ಬರ ಮುಂದೆ ನಮ್ಮ ಮನೆಯವರು ಕೈಯಲ್ಲೇ ಅಳತೆ ತೋರಿಸುತ್ತಿದ್ದರು. ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ವಾಪಸ್ ಬಂದಾಗಿನಿಂದ ಇದೇ ರಾಗ. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್‌ನ ಜಲವರ್ಣ ಚಿತ್ರವನ್ನು ಕಣ್ಣಾರೆ ನೋಡಿ ಬಂದ ಮನುಷ್ಯನಿಗೆ ಹೇಳಲು ಸಿಕ್ಕಿದ್ದು ಅದರ ಸೈಜು! ನಾನು ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಟೀಪಾಯಿ ಮೇಲಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ಬಂದವರಿಗೆ ಆಯಿತು ಅನ್ನಿಸುತ್ತದೆ, ಬೇಗ ಎದ್ದರು.

ನಾವು ಹೋಗಿದ್ದು ಮಗಳ ಬಾಣಂತನಕ್ಕೆ. ಬಾಣಂತನಕ್ಕೆ ಹೋಗುವವರಿಗೆ ಸೀಸನ್ ಆರಿಸಿಕೊಳ್ಳುವ ಭಾಗ್ಯ ಎಲ್ಲಿರುತ್ತದೆ? ನಮ್ಮ ಪಾಲಿಗೆ ಬಂದಿದ್ದು ಜನವರಿ. ಬೆಳಗ್ಗೆ ಎಂಟೂವರೆಯಾದರೂ ಸೂರ್ಯನ ಪತ್ತೆಯಿಲ್ಲ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆದರೆ ಆ ಊರಿನ ನ್ಯಾಷನಲ್ ಗ್ಯಾಲರಿಯಲ್ಲಿ ಜನವರಿಗೆ ಬೇರೆಯೇ ಮರ್ಯಾದೆ ಇದೆ. ಟೋಪಿ ತಯಾರಿಸುವವರ ಮನೆತನದ ಹೆನ್ರಿ ವಾನ್ ಎಂಬ ಲಂಡನ್ನಿನ ಸಾಹುಕಾರ 1899ರಲ್ಲಿ ತೀರಿಕೊಂಡ. ತನ್ನ ಹತ್ತಿರವಿದ್ದ ಟರ್ನರ್ ಜಲವರ್ಣಗಳಲ್ಲಿ 38ನ್ನು ಎಡಿನ್‌ಬರೊಗೆ, 31ನ್ನು ಡಬ್ಲಿನ್ನಿಗೆ ಉಯಿಲು ಬರೆದಿಟ್ಟಿದ್ದ. ಜೊತೆಗೊಂದು ಷರತ್ತು. ವರ್ಷಕ್ಕೊಮ್ಮೆ, ಬಿಸಿಲು ತೀರಾ ಮಂಕಾಗಿರುವ ಜನವರಿಯಲ್ಲಿ, ಎಲ್ಲವನ್ನೂ ಒಟ್ಟಿಗೆ ತೋರಿಸಬೇಕು. ದುಡ್ಡು ತೆಗೆದುಕೊಳ್ಳಬಾರದು. ಉಳಿದ ಹನ್ನೊಂದು ತಿಂಗಳು ಅವು ಕತ್ತಲಲ್ಲಿ.

ಜಲವರ್ಣದ ಪಾಡೇ ಅದು. ಬೆಳಕು ಬಿದ್ದಷ್ಟೂ ಬಣ್ಣ ಹಾರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ನಮ್ಮ ಹಳೇ ಮನೆಯ ಹಜಾರದಲ್ಲಿ ಅಪ್ಪನ ಫೋಟೋ ಪೂರ್ವದ ಕಿಟಕಿಗೆ ಎದುರಾಗಿತ್ತು. ಮೊದಲು ಹಣೆಯ ಕುಂಕುಮ ಹೋಯಿತು. ಆಮೇಲೆ ತುಟಿ. ಯಾರೂ ಗಮನಿಸಲಿಲ್ಲ. ದಿನಾ ನೋಡುತ್ತಿದ್ದೆವಲ್ಲ.

ಇರಲಿ, ನಮ್ಮ ಮನೆಯವರ ವಿಷಯಕ್ಕೆ ಬರೋಣ. ಅವರಿಗೆ ಜಗತ್ತಿನಲ್ಲಿ ಇರುವುದು ಒಂದೇ ಪ್ರಶ್ನೆ. "ಒರಿಜಿನಲ್ಲಾ?" ಜೇನುತುಪ್ಪ ತಂದರೆ ಒಂದು ತೊಟ್ಟು ನೀರಿನ ಲೋಟಕ್ಕೆ. ಬೆಣ್ಣೆ ಕಾಯಿಸಿದ ತುಪ್ಪ ನನ್ನ ಕೈಯದೇ ಆದರೂ ಅಂಗೈಗೆ ಸವರಿ ಮೂಸಬೇಕು. ನನ್ನ ತಂಗಿಯ ಮಗಳ ಮದುವೆಯಲ್ಲಿ ಬೀಗರು ಕೊಟ್ಟ ಸೀರೆಯ ಜರಿಯನ್ನು ಬೀಗರ ಎದುರಿಗೇ ಉಗುರಿನಿಂದ ಕೆರೆದು ನೋಡಿದ ಪುಣ್ಯಾತ್ಮ ಇವರು.

ಸ್ಕಾಟ್ಲೆಂಡಿನಲ್ಲಂತೂ ಇವರ ಕಾಯಿಲೆ ಉಲ್ಬಣಿಸಿತು. ಅಲ್ಲಿ ಮೂರು ಬ್ಯಾಂಕುಗಳು ತಮ್ಮ ತಮ್ಮದೇ ನೋಟು ಅಚ್ಚು ಹಾಕುತ್ತವೆ. ಅದರ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟೂ ಓಡುತ್ತದೆ. ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಕೊಟ್ಟರೆ ಇವರು ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡುವರು, ಹಿಂದೆ ಕ್ಯೂ ಬೆಳೆಯುವುದು. ಕೊನೆಗೆ ಇವರು ನಂಬಿದ್ದು ಇಂಗ್ಲೆಂಡಿನ ಇಪ್ಪತ್ತರ ನೋಟನ್ನು ಮಾತ್ರ. ಅದನ್ನು ವಾಲಿಸಿದರೆ ಮಿಂಚುವ ಪಟ್ಟಿಯಲ್ಲಿ 'ಟ್ವೆಂಟಿ' ಹೋಗಿ 'ಪೌಂಡ್ಸ್' ಬರುತ್ತದೆ. ಒಂದು ನೋಟನ್ನು ಖರ್ಚು ಮಾಡದೆ ಒಳಜೇಬಿನಲ್ಲಿ ಇಟ್ಟುಕೊಂಡು, ಬೇಸರವಾದಾಗೆಲ್ಲ ತೆಗೆದು ವಾಲಿಸುತ್ತಿದ್ದರು. ಆ ನೋಟಿನ ಹಿಂಬದಿಯಲ್ಲಿರುವ ಮುಖ ಟರ್ನರ್‌ದೇ. ಪಕ್ಕದಲ್ಲಿ ಅವನು ಬಿಡಿಸಿದ 'ಟೆಮೆರೇರ್' ಹಡಗು.

ಮಗುವನ್ನೂ ಓಮದ ನೀರನ್ನೂ ಅಳಿಯನಿಗೆ ಒಪ್ಪಿಸಿ ಹೊರಟೆವು. ಗ್ಯಾಲರಿಯಲ್ಲಿ ದೀಪ ಮಂದ. "ಕರೆಂಟ್ ಉಳಿಸ್ತಾರೆ" ಎಂದರು. ನಾನು ವೆನಿಸ್ಸಿನ ಪಿಯಾಜೆಟ್ಟಾ ಚೌಕದ ಚಿತ್ರದ ಮುಂದೆ ನಿಂತೆ. ಗುಡುಗು ಮಳೆಯ ಆಕಾಶ, ನಡುವೆ ಫಳಾರನೆ ಬಿಳಿ ಮಿಂಚು. ಆ ಮಿಂಚಿಗೆ ಬಣ್ಣವೇ ಇಲ್ಲ. ಹಾಕಿದ ಬಣ್ಣವನ್ನು ಕೆರೆದು ಕಾಗದದ ಬಿಳುಪನ್ನೇ ಎಬ್ಬಿಸಿದ್ದಾನೆ. ಟರ್ನರ್ ಇದಕ್ಕೆಂದೇ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದನಂತೆ. ಹತ್ತಿರದಿಂದ ನೋಡಿದರೆ ಕೆರೆದ ಕಡೆ ಕಾಗದ ಸ್ವಲ್ಪ ತರಿತರಿ. ಮೈ ಜುಮ್ಮೆಂದಿತು. ಇವರಿಗೆ ಪಿಸುಗುಟ್ಟಿ ಹೇಳಿದೆ.

"ಉಗುರಲ್ಲಿ ಕೆರೆದಿದ್ದಾನಾ?" ಇವರ ಮುಖದಲ್ಲಿ ಮೊದಲ ಬಾರಿಗೆ ಗೌರವ ಕಂಡಿತು. "ಒರಿಜಿನಲ್ ಇರಬಹುದು. ಆದ್ರೂ ಇಷ್ಟು ಚಿಕ್ಕದಾ? ನೋಟಲ್ಲಿರೋ ಹಡಗು ಎಲ್ಲಿ? ಅದಿಲ್ಲ ಅಂದ್ರೆ ಅನುಮಾನನೇ."

ಅದು ಎಣ್ಣೆಬಣ್ಣದ್ದು ರೀ, ಲಂಡನ್ನಿನಲ್ಲಿದೆ ಎನ್ನುವಷ್ಟರಲ್ಲಿ ಇವರು ಮೂಲೆಯಲ್ಲಿ ನಿಂತಿದ್ದ ಸಿಬ್ಬಂದಿಯ ಹತ್ತಿರ ಹೋಗಿಬಿಟ್ಟಿದ್ದರು. ವಯಸ್ಸಾದ, ಸೌಮ್ಯ ಮುಖದ ಮನುಷ್ಯ. ಇವರು ಒಳಜೇಬಿನಿಂದ ಆ ನೋಟು ತೆಗೆದು ಅವರ ಮುಂದೆ ಚಾಚಿ, "ದಿಸ್... ವೇರ್?" ಎಂದರು.

ಅವರು ನೋಟು ನೋಡಿದರು. ಇವರ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ವೆರಿ ಕೈಂಡ್ ಆಫ್ ಯು, ಸರ್" ಎನ್ನುತ್ತಾ ಇವರನ್ನು ಮೆಲ್ಲಗೆ ಬಾಗಿಲ ಹತ್ತಿರದ ಕಾಣಿಕೆ ಡಬ್ಬಿಗೆ ಕರೆದುಕೊಂಡು ಹೋದರು. ಗಾಜಿನ ಡಬ್ಬಿ. ಒಳಗೆ ಒಂದಷ್ಟು ನಾಣ್ಯ, ಒಂದೆರಡು ಐದರ ನೋಟು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮುಗುಳ್ನಕ್ಕರು. "ನೋ ನೋ, ಶಿಪ್, ಶಿಪ್" ಎಂದು ಇವರು ನೋಟಿನ ಮೇಲೆ ಬೆರಳಿಟ್ಟರು. ಅವರು ಇನ್ನೂ ನಯವಾಗಿ ಡಬ್ಬಿಯ ಸೀಳಿನ ಮೇಲೆ ಬೆರಳಿಟ್ಟರು. ಇಪ್ಪತ್ತು ಪೌಂಡ್ ಅಂದರೆ ಎರಡು ಸಾವಿರ ರೂಪಾಯಿಗೂ ಜಾಸ್ತಿ. ಇವರು ತಿರುಗಿ ನನ್ನನ್ನು ನೋಡಿದರು. ನಾನು ಸ್ಕೈ ದ್ವೀಪದ ಬೆಟ್ಟಗಳ ಚಿತ್ರದೊಳಗೆ ಬಂಡೆ ಮೇಲೆ ಕೂತಿದ್ದ ಎರಡು ಪುಟಾಣಿ ಮನುಷ್ಯರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

ನೋಟು ಒಳಗೆ ಬಿತ್ತು. ಬೀಳುವ ಮುಂಚೆ ಒಂದು ಸಲ ವಾಲಿಸಿ ನೋಡಿದರು ಎಂದು ನನಗೆ ಈಗಲೂ ಅನುಮಾನ.

ಆಮೇಲೆ ಇವರು ಒಂದೂ ಚಿತ್ರ ಬಿಡಲಿಲ್ಲ. ಕೊಟ್ಟ ದುಡ್ಡು ವಸೂಲಾಗಬೇಕಲ್ಲ. ನನಗೆ ಕಾಲು ನೋವು, ಮಗುವಿಗೆ ಎಣ್ಣೆ ಹಚ್ಚುವ ಹೊತ್ತು ಮೀರುತ್ತಿತ್ತು. ನನ್ನ ಮಿಂಚಿನ ಚಿತ್ರದ ಮುಂದೆ ಇನ್ನೊಮ್ಮೆ ಒಬ್ಬಳೇ ನಿಲ್ಲಬೇಕೆಂದಿದ್ದೆ. ಅದೇ ಹೊತ್ತಿಗೆ ಇವರು ಅದರ ಮುಂದೆ ಗೇಣು ಹಾಕಿ ಅಳತೆ ನೋಡುತ್ತಿದ್ದರು.

ರಾತ್ರಿ ಮಗಳು ಕೇಳಿದಳು, "ಹೇಗಿತ್ತಪ್ಪಾ, ಚೆನ್ನಾಗಿತ್ತಾ?"

"ಚೆನ್ನಾಗಿರೋದು ಆಮೇಲೆ. ಒರಿಜಿನಲ್ಲೇ" ಎಂದರು ಸಾರನ್ನ ಕಲಸುತ್ತಾ. "ಸುಮ್ನೆ ಬಿಟ್ಟಿ ತೋರಿಸಿದ್ರೆ ನಾನು ನಂಬ್ತಿರಲಿಲ್ಲ. ಇಪ್ಪತ್ತು ಪೌಂಡ್ ಕಿತ್ಕೊಂಡೇ ಕಳಿಸಿದ್ರು."