ಹುಡುಗರು ಉಳಿಯುವ ಲೆಕ್ಕವೂ ಬೋರ್ಡಿಗೆ ಬರಲಿ

ಹಾಸನದಲ್ಲಿ ಕಂಪನಿ ಮಾಲನ್ನು ಅಂಗಡಿಗಳಿಗೆ ಹಂಚುವ ಯಾವ ಏಜೆನ್ಸಿಯ ಗೋಡೌನಿಗೆ ಹೋದರೂ ಗೋಡೆ ಮೇಲೊಂದು ಬೋರ್ಡ್ ಇರುತ್ತದೆ. ಯಾವ ಲೈನಿಗೆ (ಒಬ್ಬ ಹುಡುಗ ಸುತ್ತುವ ಅಂಗಡಿಗಳ ದಾರಿಗೆ) ಈ ತಿಂಗಳು ಎಷ್ಟು ಟಾರ್ಗೆಟ್, ಇವತ್ತಿನವರೆಗೆ ಎಷ್ಟಾಗಿದೆ, ಇನ್ನೆಷ್ಟು ಬಾಕಿ. ಬಿಸ್ಕತ್ತಿಗೆ ಬೇರೆ, ಸೋಪಿಗೆ ಬೇರೆ, ಟೀ ಪುಡಿಗೆ ಬೇರೆ. ಆದರೆ ಆ ಮಾಲನ್ನು ಅಂಗಡಿಗೆ ಮುಟ್ಟಿಸುವ ಹುಡುಗರಲ್ಲಿ ಹೋದ ವರ್ಷ ಸೇರಿದವರೆಷ್ಟು, ಈಗ ಉಳಿದವರೆಷ್ಟು ಅಂತ ಕೇಳಿ ನೋಡಿ. ಅದು ಎಲ್ಲೂ ಬರೆದಿರುವುದಿಲ್ಲ. "ಈಗಿನ ಹುಡುಗರು ನಿಲ್ಲಲ್ಲ ಬಿಡಿ" ಅನ್ನುವ ಉತ್ತರ ಸಿಗುತ್ತದೆ ಅಷ್ಟೇ.

ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಮೊದಲು ನಾನೂ ಲೈನ್ ಸುತ್ತಿದವನೇ, ಈಗ ಸೂಪರ್‌ವೈಸರ್. ಸಕಲೇಶಪುರ, ಆಲೂರು, ಬೇಲೂರು, ಅರಸೀಕೆರೆ ಕಡೆಯ ಲೈನುಗಳನ್ನು ನೋಡಿಕೊಳ್ಳುತ್ತೇನೆ. ನಿಲ್ಲುವ ಹುಡುಗರು ಬೇಕಾದಷ್ಟು ಜನ ಇದ್ದಾರೆ. ನಿಲ್ಲಿಸಿಕೊಳ್ಳುವುದು ಯಾರ ಕೆಲಸ ಅಂತ ಮಾತ್ರ ಯಾರೂ ಹೇಳಿಲ್ಲ. ಸೇಲ್ಸ್ ಟಾರ್ಗೆಟ್ ಹುಡುಗನ ತಲೆ ಮೇಲಿದೆ. ಅವನನ್ನು ಉಳಿಸಿಕೊಳ್ಳುವ ಟಾರ್ಗೆಟ್ ನಮ್ಮ ತಲೆ ಮೇಲೆ, ಅಂದರೆ ಸೂಪರ್‌ವೈಸರ್ ಮತ್ತು ಓನರ್ ತಲೆ ಮೇಲೆ ಇರಬೇಕು. ಅದೂ ಸುಮ್ನೆ ಬಾಯಿ ಮಾತಲ್ಲ, ನಂಬರ್ ಹಾಕಿ.

ಈಗ ನಡೆಯುವುದು ಏನು ಗೊತ್ತಾ? ಕಂಪನಿ ಕಡೆಯಿಂದ ಫೋನ್ ಬರುತ್ತದೆ. "ಎರಡು ಲೈನ್ ಖಾಲಿ ಇದೆ, ಹದಿನೈದನೇ ತಾರೀಕಿನೊಳಗೆ ತುಂಬಿ." ಅಳೆಯುವುದು ತುಂಬಿತಾ ಇಲ್ಲವಾ ಅಂತ ಮಾತ್ರ. ಹಾಗಾಗಿ ಬೈಕ್ ಮತ್ತು ಸ್ಮಾರ್ಟ್‌ಫೋನ್ ಇದ್ದವನನ್ನೆಲ್ಲ ಸೇರಿಸಿಕೊಳ್ಳುತ್ತೇವೆ. ಎರಡು ದಿನ ಹಳೆಯ ಹುಡುಗನ ಜೊತೆ ಕಳಿಸುತ್ತೇವೆ, ಮೂರನೇ ದಿನ ಒಬ್ಬನನ್ನೇ ಬಿಡುತ್ತೇವೆ. ತಿಂಗಳ ಕೊನೆಗೆ ಅವನು ಇರುವುದಿಲ್ಲ. ಮತ್ತೆ ಫೋನ್, ಮತ್ತೆ ತುಂಬುವುದು. ಪ್ರತಿ ಸಲವೂ ಟಾರ್ಗೆಟ್ ಮುಟ್ಟಿದ ಹಾಗೆಯೇ ಕಾಣುತ್ತದೆ.

ನಾನು ಹೇಳುವುದು, ಸೇರಿದ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. 90ನೇ ದಿನ ಹಿಡಿಯಿರಿ. ಯಾಕೆ 90 ಅಂದರೆ, ಮೊದಲ ತಿಂಗಳು ಹುಡುಗ ರಸ್ತೆ, ಅಂಗಡಿ, ರೇಟು ಕಲಿಯುವುದರಲ್ಲೇ ಇರುತ್ತಾನೆ. ಎರಡನೇ ತಿಂಗಳು ಉದ್ರಿ ಶುರುವಾಗುತ್ತದೆ. ಅಂಗಡಿಯವರು ದುಡ್ಡು ಕೊಡಲ್ಲ, ಗೋಡೌನಿನಲ್ಲಿ ಬೈಗುಳ ಬೀಳುತ್ತದೆ. ಮೂರನೇ ತಿಂಗಳಲ್ಲಿ ಮೊದಲ ಇನ್ಸೆಂಟಿವ್ (ಟಾರ್ಗೆಟ್ ಮುಟ್ಟಿದ್ದಕ್ಕೆ ಸಿಗುವ ದುಡ್ಡು) ಕೈಗೆ ಬರುತ್ತದೆ, ಅದೂ ಕ್ಲೈಮ್ ಪಾಸಾಗಿದ್ದರೆ. ಈ ಮೂರನ್ನೂ ದಾಟಿದವನು ಸಾಮಾನ್ಯವಾಗಿ ನಿಲ್ಲುತ್ತಾನೆ. ಹತ್ತು ಜನ ಸೇರಿ 90ನೇ ದಿನಕ್ಕೆ ನಾಲ್ಕು ಜನ ಇದ್ದರೆ ನಮ್ಮ ಮಾರ್ಕು 40. ಮುಂದಿನ ಆರು ತಿಂಗಳಿಗೆ ಅದನ್ನು 60 ಮಾಡುತ್ತೇವೆ ಅಂತ ಬೋರ್ಡಿನಲ್ಲಿ ಬರೆದರೆ ಅದು ಗುರಿ. "ಒಳ್ಳೆ ಟೀಮ್ ಕಟ್ಟೋಣ" ಅನ್ನುವುದು ಗುರಿ ಅಲ್ಲ, ಆಸೆ.

ಇನ್ನೊಂದು ನಂಬರ್ ಬೇಕು. ಲೈನ್ ಖಾಲಿ ಬಿದ್ದ ದಿನಗಳು. ಇದರ ಲೆಕ್ಕ ಹಾಕಿದರೆ ಓನರ್‌ಗಳು ಎದ್ದು ಕೂರುತ್ತಾರೆ. ದಿನಕ್ಕೆ 35 ಅಂಗಡಿ ಇರುವ ಲೈನ್, ಅದರಲ್ಲಿ 20 ಅಂಗಡಿಗೆ ಬಿಲ್ ಆಗುತ್ತದೆ, ಬಿಲ್ಲಿಗೆ ಸರಾಸರಿ 1,000 ರೂಪಾಯಿ ಅಂತ ಹಿಡಿಯೋಣ. ದಿನಕ್ಕೆ 20,000. ಹುಡುಗ ಬಿಟ್ಟು ಹೋಗಿ ಹೊಸಬ ಸಿಗುವಷ್ಟರಲ್ಲಿ 12 ದಿನ ಲೈನ್ ಹೋಗಲಿಲ್ಲ ಅಂದರೆ 2,40,000 ರೂಪಾಯಿ ಮಾಲು ನಿಂತಿತು. ಮಾರ್ಜಿನ್ 5% ಅಂದರೂ ಕೈ ಬಿಟ್ಟಿದ್ದು 12,000. ಅದೇ ಹುಡುಗನಿಗೆ ತಿಂಗಳಿಗೆ 1,000 ಜಾಸ್ತಿ ಕೊಟ್ಟಿದ್ದರೆ ವರ್ಷಕ್ಕೆ ಆಗುತ್ತಿದ್ದದ್ದೂ ಅಷ್ಟೇ, 12,000. ಸಂಬಳ ಜಾಸ್ತಿ ಮಾಡಲು ಗಿಟ್ಟಲ್ಲ ಅನ್ನುವವರು ಈ ಎರಡು ಸಾಲನ್ನು ಪಕ್ಕಪಕ್ಕ ಬರೆದು ನೋಡಬೇಕು.

ದುಡ್ಡಿನಲ್ಲಿ ಕಾಣದ ನಷ್ಟವೂ ಇದೆ. ಹೆತ್ತೂರು ಕಡೆಯ ಒಂದು ಸಣ್ಣ ಅಂಗಡಿಗೆ ಹೊಸ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಅಂಗಡಿ ಅಕ್ಕ ಅವನ ಮುಖ ನೋಡಿ, "ಇವನು ಹೊಸಬನೇನಣ್ಣ? ಹಿಂದಿನವನೆಲ್ಲಿ?" ಅಂದರು. ಮೂಲೆಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಟೇಬಲ್ ಮೇಲೆ ಸುರಿದರು. ಡೇಟ್ ಮುಗಿದ ಬಿಸ್ಕತ್ತು, ಇಲಿ ಕಡಿದ ಸೋಪು, ಉಬ್ಬಿದ ಶಾಂಪೂ ಸ್ಯಾಶೆಗಳು. ಜೊತೆಗೊಂದು ಚೀಟಿ, ಹಿಂದಿನ ಹುಡುಗನ ಕೈಬರಹದಲ್ಲಿ. ಅದಕ್ಕೂ ಹಿಂದಿನವನದು ಇನ್ನೊಂದು ಚೀಟಿ. ಇಬ್ಬರೂ "ಮುಂದಿನ ವಾರ ಬದಲಾಯಿಸಿಕೊಡ್ತೀನಿ" ಅಂದು ಹೋದವರು. "ನೀನು ಒಪ್ಪಿಕೊಂಡರೆ ಇವನು ಒಪ್ಪಲ್ಲ, ಇವನು ಒಪ್ಪಿದರೆ ಮುಂದಿನವನು ಒಪ್ಪಲ್ಲ. ನಾನು ಯಾರನ್ನ ಕೇಳಲಿ ಕಣಣ್ಣ?" ಅಕ್ಕ ಕೂಗಾಡಲಿಲ್ಲ. ಆರ್ಡರ್ ಕೊಡಲಿಲ್ಲ ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಹುಡುಗನ ಮುಖ ಸಣ್ಣದಾಯಿತು. ತಾನು ಮಾಡದ ತಪ್ಪಿಗೆ ಮೊದಲ ದಿನವೇ ತಲೆ ತಗ್ಗಿಸಿ ನಿಲ್ಲಬೇಕಾದವನು ಎಷ್ಟು ದಿನ ಉಳಿಯುತ್ತಾನೆ ಹೇಳಿ. ಅದಕ್ಕೇ ನಾನು ಹಟ ಹಿಡಿದಿರುವುದು, ಹೊಸಬನನ್ನು ಲೈನಿಗೆ ಬಿಡುವ ಮುಂಚೆ ಆ ಲೈನಿನ ಹಳೆಯ ಡ್ಯಾಮೇಜು, ಎಕ್ಸ್‌ಪೈರಿ ಎಷ್ಟು ಬಾಕಿ ಇದೆ ಅಂತ ಎಣಿಸಿ ತೀರಿಸಬೇಕು. ಇದೂ ಅಳೆಯಬಹುದಾದ ಗುರಿಯೇ. ಬಾಕಿ ಚೀಟಿ ಸೊನ್ನೆ ಆಗುವವರೆಗೆ ಹೊಸಬನ ಕೈಗೆ ಲೈನ್ ಕೊಡಬಾರದು.

ನಮ್ಮ ಜಿಲ್ಲೆಯ ವಿಚಾರದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅರಸೀಕೆರೆ ಬಯಲು ಸೀಮೆ, ತೆಂಗಿನ ಊರು. ಸಕಲೇಶಪುರದ ಹೆತ್ತೂರು, ಯಸಳೂರು, ಹಾನುಬಾಳು ಮಳೆ ಸೀಮೆ, ಕಾಫಿ ಊರು. ಎರಡಕ್ಕೂ ಜುಲೈನಲ್ಲಿ ಒಂದೇ ಅಳತೆ ಇಟ್ಟರೆ ಹೇಗೆ? ಮಳೆ ಹಿಡಿದರೆ ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಟವರ್ ಇಲ್ಲ. ಹುಡುಗ ರೇನ್‌ಕೋಟ್ ಹಾಕಿಕೊಂಡು, ಫೋನನ್ನು ಕವರಿನಲ್ಲಿ ಸುತ್ತಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿರುತ್ತಾನೆ. ಹಾಜರಿ, ಆರ್ಡರ್ ಹಾಕುವ ಆ್ಯಪ್ ಸಿಂಕ್ ಆಗಿರುವುದಿಲ್ಲ. ರಿಪೋರ್ಟಿನಲ್ಲಿ ಅವನು ಬೆಳಿಗ್ಗೆ ಪಂಚ್ ಮಾಡಿಲ್ಲ, ಅರ್ಧ ದಿನ ಕಟ್. ಇಂಥ ಒಂದು ಅರ್ಧ ದಿನದ ಸಂಬಳ ಕಟ್ಟಿಗೆ ಕೆಲಸ ಬಿಟ್ಟವರನ್ನು ನಾನು ನೋಡಿದ್ದೇನೆ. ದುಡ್ಡು ಹೋಗಿದ್ದಕ್ಕಿಂತ ಸುಳ್ಳುಗಾರ ಅನ್ನಿಸಿಕೊಂಡದ್ದು ಅವರಿಗೆ ತಡೆಯಲಾಗಲಿಲ್ಲ. ಮಲೆನಾಡಿನ ಲೈನಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಟಾರ್ಗೆಟ್ ಕಡಿಮೆ ಇರಬೇಕು, ಪೆಟ್ರೋಲ್ ಭತ್ಯೆ ಜಾಸ್ತಿ ಇರಬೇಕು. ಕಾಫಿ ಕೊಯ್ಲು ಶುರುವಾದ ಮೇಲೆ ಕೂಲಿಯವರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಸಂತೆ ದಿನ ಅಂಗಡಿಗಳು ತುಂಬುತ್ತವೆ. ಆಗ ಟಾರ್ಗೆಟ್ ಏರಿಸಿ, ಯಾರೂ ಬೇಡ ಅನ್ನಲ್ಲ. ಹಾಸನಾಂಬ ದರ್ಶನದ ಸಮಯದಲ್ಲಿ ಟೌನ್ ಲೈನಿಗೆ ಜಾಸ್ತಿ ಹಾಕುವುದಿಲ್ವಾ, ಹಾಗೇ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 20 ಜನ ಕೆಲಸಕ್ಕಿದ್ದರೆ ಪಿಎಫ್ ಕಡ್ಡಾಯ, ಇಎಸ್‌ಐಗೆ 10 ಜನ ಸಾಕು. ತುಂಬಾ ಏಜೆನ್ಸಿಗಳಲ್ಲಿ ಹುಡುಗರ ಲೆಕ್ಕ ಆ ಗೆರೆ ದಾಟದ ಹಾಗೆ ನೋಡಿಕೊಳ್ಳುತ್ತಾರೆ. ತಿಂಗಳಿಗೆ 15,000 ಸಂಬಳ ಇದ್ದರೆ ಇಎಸ್‌ಐಗೆ ಮಾಲೀಕರ ಪಾಲು 3.25%, ಅಂದರೆ 500 ರೂಪಾಯಿಗೂ ಕಡಿಮೆ. ಹುಡುಗನ ಪಾಲು 0.75%, ನೂರಾ ಹದಿಮೂರು ರೂಪಾಯಿ. ಡ್ಯೂಟಿಯಲ್ಲಿ ಬೈಕಿಂದ ಬಿದ್ದು ಕಾಲು ಮುರಿದರೆ ಗುಣವಾಗುವವರೆಗೆ ಸಂಬಳದ 90% ಸಿಗುತ್ತದೆ, ಆಸ್ಪತ್ರೆ ಖರ್ಚು ಬೇರೆ. ದಿನವಿಡೀ ಘಾಟಿ ರಸ್ತೆಯಲ್ಲಿ ಬೈಕ್ ಓಡಿಸುವವನ ಮನೆಯವರಿಗೆ ಇದು ದೊಡ್ಡ ಧೈರ್ಯ. "ಆ ಕೆಲಸ ಬಿಡಬೇಡ ಕಣಪ್ಪ" ಅಂತ ಮನೆಯಲ್ಲಿ ಅಮ್ಮನೇ ಹೇಳುತ್ತಾರೆ. ಎಷ್ಟು ಜನರಿಗೆ ಇಎಸ್‌ಐ ಕಾರ್ಡ್ ಕೈಗೆ ಕೊಟ್ಟಿದ್ದೇವೆ ಅನ್ನುವುದೂ ಬೋರ್ಡಿಗೆ ಬರಲಿ.

ಅಳತೆ ಇಟ್ಟರೆ ಅದನ್ನು ತಿರುಚುವವರೂ ಇರುತ್ತಾರೆ. ಅದೂ ಗೊತ್ತಿರಬೇಕು. ಬಿಲ್ ಸಂಖ್ಯೆ ಎಣಿಸಿದರೆ ಒಂದೇ ಬಿಲ್ಲನ್ನು ಎರಡು ಮಾಡುತ್ತಾರೆ. ತಿಂಗಳ ಕೊನೆಯ ಸೇಲ್ ಎಣಿಸಿದರೆ ಮೂವತ್ತನೇ ತಾರೀಕು ಅಂಗಡಿಗೆ ಮಾಲು ತುರುಕಿ, ಮೂರನೇ ತಾರೀಕು ವಾಪಸ್ ತರುತ್ತಾರೆ. ಹಾಗೇ ಉಳಿದವರ ಸಂಖ್ಯೆ ಎಣಿಸಲು ಶುರು ಮಾಡಿದರೆ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಳ್ಳುವುದು, ಕೊನೆ ತಿಂಗಳ ಸಂಬಳ ತಡೆಹಿಡಿಯುವುದು ಜಾಸ್ತಿಯಾಗುತ್ತದೆ. ಇದು ಈಗಾಗಲೇ ಕೆಲವು ಕಡೆ ನಡೆಯುತ್ತಿದೆ. ಕಟ್ಟಿಹಾಕಿ ಉಳಿಸಿಕೊಂಡವನನ್ನು ಉಳಿದವನು ಅಂತ ಎಣಿಸಬಾರದು. ಅದಕ್ಕೆ ಒಂದು ಪರೀಕ್ಷೆ ಇದೆ. ಈಗಿರುವ ಹುಡುಗರು ತಮ್ಮ ತಮ್ಮನನ್ನೋ ಊರಿನ ಗೆಳೆಯನನ್ನೋ ಇದೇ ಕೆಲಸಕ್ಕೆ ಕರೆದುಕೊಂಡು ಬರುತ್ತಾರಾ ನೋಡಿ. ವರ್ಷದಲ್ಲಿ ಸೇರಿದವರಲ್ಲಿ ಹೀಗೆ ಬಂದವರು ಎಷ್ಟು ಅಂತ ಬರೆದಿಡಿ. ಮನಸ್ಸಿಲ್ಲದೆ ಇರುವವನು ಇನ್ನೊಬ್ಬನನ್ನು ಕರೆಯಲ್ಲ. ನನ್ನ ಅನುಭವದಲ್ಲಿ ಹೀಗೆ ಬಂದವರೇ ಜಾಸ್ತಿ ದಿನ ಇರುವುದು. ಯಾಕಂದರೆ ಕೆಲಸ ಹೇಗಿದೆ ಅಂತ ನಿಜ ಗೊತ್ತಿದ್ದೇ ಬಂದಿರುತ್ತಾರೆ.

ಒಂದು ವಿಚಾರದಲ್ಲಿ ನಮ್ಮ ಓನರ್‌ಗೂ ನನಗೂ ಇನ್ನೂ ಜಗ್ಗಾಟ ಇದೆ. ನಮ್ಮಲ್ಲಿ ಕಲಿತ ಹುಡುಗ ಒಳ್ಳೆ ಸಂಬಳಕ್ಕೆ ಕಂಪನಿ ಪೇರೋಲಿಗೆ, ಅಂದರೆ ನೇರ ಕಂಪನಿಯ ನೌಕರನಾಗಿ ಹೋದರೆ, ಅಥವಾ ಊರಿಗೆ ಹೋಗಿ ಸ್ವಂತ ಅಂಗಡಿ ಹಾಕಿದರೆ, ಅವನನ್ನು ಬಿಟ್ಟು ಹೋದವರ ಪಟ್ಟಿಗೆ ಸೇರಿಸಬೇಕಾ? ಅವರು ಸೇರಿಸಬೇಕು ಅನ್ನುತ್ತಾರೆ, ಲೈನ್ ಖಾಲಿ ಆಗುವುದು ಖಾಲಿಯೇ ಅಲ್ವಾ ಅಂತ. ಖಾಲಿ ದಿನಗಳ ಕಾಲಮಿನಲ್ಲಿ ಅದು ಹೇಗೂ ಬರುತ್ತದೆ. ಆದರೆ ಬೇಸತ್ತು ಹೋದವನ ಹೆಸರಿನ ಕೆಳಗೆ ಅವನ ಹೆಸರು ಬರೆಯಲು ನಾನು ಒಪ್ಪಲ್ಲ. ಅವನಿಗೆ ಬೇರೆ ಕಾಲಮ್ ಬೇಕು. ಆ ಕಾಲಮಿನಲ್ಲಿ ವರ್ಷಕ್ಕೆ ಇಬ್ಬರಾದರೂ ಇರಬೇಕು ಅಂತ ಟಾರ್ಗೆಟ್ ಹಾಕಲೂ ನಾನು ತಯಾರಿದ್ದೇನೆ.