ಉದ್ಘಾಟನೆಗೆ ದುಡ್ಡಿದೆ, ರಿಪೇರಿಗೆ ಇಲ್ಲ

ಕಂಪ್ಯೂಟರ್, ಪರದೆ ಬಳಸಿ ಕಲೆ ಮಾಡುವ ಕಲಾವಿದ ಜೆಫ್ರಿ ಶಾ ಅವರ ಬಯೋಡೇಟಾ ನೋಡಿದ್ದರೆ ನಮ್ಮ ಹೊಸಪೇಟೆ ಕಡೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. 1944ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ್ದು. ಅಲ್ಲಿ ವಾಸ್ತುಶಿಲ್ಪ ಮತ್ತು ಕಲಾ ಇತಿಹಾಸ ಓದಿ, ಶಿಲ್ಪಕಲೆ ಕಲಿಯೋಕೆ ಮಿಲಾನ್‌ಗೆ ಹೋಗಿ, ಅಲ್ಲಿಂದ ಲಂಡನ್ ಸೇರಿದರು. 1969ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಗೆಳೆಯರ ಜೊತೆ ಒಂದು ಸಂಶೋಧನಾ ಗುಂಪು ಕಟ್ಟಿಕೊಂಡರು. ಹೆಸರು ಸಂಶೋಧನೆ, ಮಾಡಿದ್ದು ಬಲೂನು. ಗಾಳಿ ತುಂಬಿದ ಪ್ಲಾಸ್ಟಿಕ್ ಗೂಡಿನೊಳಗೆ ನಿಂತು ಜನ ನೀರಿನ ಮೇಲೆ ನಡೆಯಬಹುದಿತ್ತು! 1976ರ ಕೊನೆಯಲ್ಲಿ ಪಿಂಕ್ ಫ್ಲಾಯ್ಡ್ ಅನ್ನೋ ರಾಕ್ ಸಂಗೀತ ತಂಡಕ್ಕೆ ದೊಡ್ಡ ಹಂದಿ ಬಲೂನು ಮಾಡಿಕೊಟ್ಟವರಲ್ಲಿ ಇವರೂ ಒಬ್ಬರು. ಲಂಡನ್ನಿನ ಬ್ಯಾಟರ್ಸಿ ವಿದ್ಯುತ್ ಸ್ಥಾವರದ ಮೇಲೆ ಫೋಟೋ ತೆಗೆಯುವಾಗ ಅದು ಕಿತ್ತುಕೊಂಡು ಹಾರಿಹೋಯಿತು. ಹೀಥ್ರೂ ವಿಮಾನಗಳ ದಾರಿಗೆ ಅಡ್ಡ ಬಂದು, ಕೊನೆಗೆ ಕೆಂಟ್‌ನ ಯಾವುದೋ ಹೊಲದಲ್ಲಿ ಬಿತ್ತು.

ಹುಡುಗ ಏನ್ ಮಾಡ್ಕೊಂಡಿದಾನ್ರೀ ಅಂದರೆ ಏನು ಹೇಳೋದು?

ಈ ಮನುಷ್ಯನನ್ನು ನಾನಿರುವ ಕಾರ್ಲ್ಸ್‌ರೂಹೆ ಊರು 1991ರಲ್ಲಿ ಕರೆಸಿಕೊಂಡು, ಸಂಬಳ ಕೊಟ್ಟು, ಲ್ಯಾಬ್ ಕೈಗಿಟ್ಟಿತು. ಜರ್ಮನಿಯ ನೈರುತ್ಯ ಮೂಲೆಯ ಊರು ಇದು. ಇಲ್ಲಿ ಝಡ್‌ಕೆಎಂ ಅನ್ನೋ ಕಲೆ ಮತ್ತು ಮಾಧ್ಯಮ ಕೇಂದ್ರ ಇದೆ. ಶುರುವಾಗಿದ್ದು 1989ರಲ್ಲಿ. ಮೊದಲ ಮಹಾಯುದ್ಧದ ಕಾಲದ ಮದ್ದುಗುಂಡಿನ ಕಾರ್ಖಾನೆಯೊಂದನ್ನು ರಿಪೇರಿ ಮಾಡಿ 1997ರಲ್ಲಿ ಅದರೊಳಗೆ ಹೋಗಿ ಕೂತಿತು. ಶಾ 2003ರವರೆಗೆ ಇದರ ದೃಶ್ಯ ಮಾಧ್ಯಮ ವಿಭಾಗದ ಮುಖ್ಯಸ್ಥರಾಗಿದ್ದರು. ಆಮೇಲೆ ಸಿಡ್ನಿಯ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ನಡೆಸಿ, 2009ರಲ್ಲಿ ಹಾಂಗ್‌ಕಾಂಗ್‌ಗೆ ಡೀನ್ ಆಗಿ ಹೋದರು. ಅಂದರೆ ನಲವತ್ತೈದು ದಾಟಿದ ಮೇಲೆ ಈ ಕಲಾವಿದನ ಬದುಕು ಹೆಚ್ಚುಕಮ್ಮಿ ಒಬ್ಬ ನೌಕರಸ್ಥನ ಬದುಕು. ನನಗೆ ಇದರಲ್ಲೇ ಕುತೂಹಲ ಜಾಸ್ತಿ.

ಅವರ ಹೆಸರಾಂತ ಕೃತಿ 'ಲೆಜಿಬಲ್ ಸಿಟಿ'. 1989ರದ್ದು. ಕತ್ತಲೆ ಕೋಣೆ, ಎದುರಿಗೆ ದೊಡ್ಡ ಪರದೆ, ನೆಲಕ್ಕೆ ಭದ್ರವಾಗಿ ಕೂರಿಸಿದ ಒಂದು ಸೈಕಲ್ಲು. ಹತ್ತಿ ಪೆಡಲ್ ತುಳಿದರೆ ಪರದೆ ಮೇಲಿನ ರಸ್ತೆ ನಿಮ್ಮತ್ತ ಬರುತ್ತದೆ. ಹ್ಯಾಂಡಲ್ ತಿರುಗಿಸಿದರೆ ಓಣಿ ತಿರುಗುತ್ತದೆ. ರಸ್ತೆಯ ಎರಡೂ ಕಡೆ ಕಟ್ಟಡಗಳ ಜಾಗದಲ್ಲಿ ಆಳೆತ್ತರ ಮೀರಿದ ಅಕ್ಷರಗಳು ನಿಂತಿವೆ. ಓದುತ್ತಾ ತುಳಿಯಬೇಕು. ಮ್ಯಾನ್‌ಹಟನ್ ಆಯ್ದುಕೊಂಡರೆ ಮೇಯರ್, ಟ್ಯಾಕ್ಸಿ ಡ್ರೈವರ್, ಮೋಸಗಾರ ಹೀಗೆ ಒಬ್ಬೊಬ್ಬರ ಮಾತು ಒಂದೊಂದು ಬಣ್ಣದಲ್ಲಿ ಸಿಗುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಅಕ್ಷರಗಳಿಗೆ ಅಲ್ಲಿದ್ದ ಕಟ್ಟಡದ್ದೇ ಅಳತೆ, ಕಟ್ಟಡದ್ದೇ ಬಣ್ಣ. ಬರೆದಿರೋದು ಹಳೆ ದಫ್ತರಗಳಿಂದ ತೆಗೆದ, ಆ ಜಾಗದಲ್ಲಿ ನಡೆದ ಸಣ್ಣಪುಟ್ಟ ಸಂಗತಿಗಳು. ಹ್ಯಾಂಡಲ್ ಮುಂದಿನ ಪುಟ್ಟ ಪರದೆಯಲ್ಲಿ ನೀವು ಎಲ್ಲಿದ್ದೀರಿ ಅನ್ನೋ ನಕ್ಷೆ. ಬೇಜಾರಾದರೆ ರಸ್ತೆ ಬಿಟ್ಟು ಎರಡು ಅಕ್ಷರದ ನಡುವೆ ನುಗ್ಗಬಹುದು. ಆಗ ಒಬ್ಬರ ಮಾತು ಅರ್ಧಕ್ಕೆ ನಿಂತು ಇನ್ನೊಬ್ಬರದು ಶುರುವಾಗುತ್ತದೆ. ನಾನಂತೂ ಬೆವರು ಬರುವಷ್ಟು ತುಳಿದೆ. ಜಿಮ್‌ನಲ್ಲಿ ಎಂದೂ ಅಷ್ಟು ತುಳಿದವನಲ್ಲ.

ಈ ಕೃತಿಯ ಜೊತೆ ಶಾ ಅವರ ಹೆಸರಷ್ಟೇ ಇರಲ್ಲ. ಡರ್ಕ್ ಗ್ರೂನೆವೆಲ್ಡ್ ಜೊತೆ ಸೇರಿ ಮಾಡಿದ್ದು, ಪ್ರೋಗ್ರಾಮ್ ಬರೆದವರು ಗಿಡಿಯನ್ ಮೇ, ಇದೆಲ್ಲ ದಾಖಲಾಗಿದೆ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. ಹಾಗಾಗಿ ಅದು ಕಣ್ಣಿಗೆ ಬಿತ್ತು. ಯಕ್ಷಗಾನದ ಕರಪತ್ರದಲ್ಲಿ ಭಾಗವತರು, ಮದ್ದಳೆ, ಚೆಂಡೆ ಎಲ್ಲರ ಹೆಸರೂ ಹಾಕುವ ನಾಡು ನಮ್ಮದು. ಆದರೆ ಸಾಫ್ಟ್‌ವೇರ್ ವಿಷಯಕ್ಕೆ ಬಂದಾಗ ಅದನ್ನು ಯಾಕೋ ಮರೆತೇಬಿಟ್ಟಿದ್ದೇವೆ.

ಹೇಳಬೇಕಾದ ಮುಖ್ಯ ವಿಷಯ ಬೇರೆ ಇದೆ. ಆ ಸೈಕಲ್ಲು ಹಳೇದಾಯಿತು. ಮೊದಲು ಅದನ್ನು ಓಡಿಸುತ್ತಿದ್ದ ಸಿಲಿಕಾನ್ ಗ್ರಾಫಿಕ್ಸ್ ಯಂತ್ರಗಳು ಮಾರುಕಟ್ಟೆಯಿಂದಲೇ ಹೋದವು. ಇಂಥ ಕೃತಿ ತೈಲವರ್ಣದ ಚಿತ್ರದ ಹಾಗಲ್ಲ, ಗೋಡೆಗೆ ನೇತುಹಾಕಿ ಧೂಳು ಒರೆಸಿದರೆ ಸಾಲದು. ಒಂದು ಬಿಡಿಭಾಗ ಸಿಗದಿದ್ದರೆ ಕೃತಿಯೇ ಸತ್ತ ಹಾಗೆ. ಝಡ್‌ಕೆಎಂ ಮಂದಿ ಅದನ್ನು ಹೊಸ ಕಂಪ್ಯೂಟರಿಗೆ ಸಾಗಿಸಿ ಉಳಿಸಿಕೊಂಡರು. ಹೊಸ ಯಂತ್ರದಲ್ಲಿ ಚಿತ್ರ ಹೆಚ್ಚು ನುಣುಪಾಗಿ ಓಡಿದರೆ ಅದು ಅದೇ ಕೃತಿಯೋ ಬೇರೆಯೋ ಅಂತ ತಲೆ ಕೆಡಿಸಿಕೊಳ್ಳುವ ಜನ ಇಲ್ಲಿದ್ದಾರೆ, ಅವರಿಗೆ ಅದೇ ಕೆಲಸ! 2004ರಿಂದ ಇಲ್ಲಿ ಹಳೆ ವಿಡಿಯೋ ಯಂತ್ರಗಳಿಗೇ ಒಂದು ಲ್ಯಾಬ್ ಇದೆ. ಎಂದೋ ನಿಂತುಹೋದ ಟೇಪ್‌ಗಳಿಗೆ ತಕ್ಕ ಪ್ಲೇಯರ್‌ಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದಾರೆ.

ಊರಿಗೆ ಬಂದಾಗ ಒಂದು ಮ್ಯೂಸಿಯಮ್ಮಿಗೆ ಹೋಗಿದ್ದೆ. ಹೆಸರು ಬೇಡ. ಅಲ್ಲಿ ಟಚ್‌ಸ್ಕ್ರೀನ್ ಇತ್ತು, ಅದರ ಮೇಲೆ 'ಮುಟ್ಟಬೇಡಿ' ಅಂತ ಚೀಟಿಯೂ ಇತ್ತು. ಕೇಳಿದ್ದಕ್ಕೆ ಕಾವಲುಗಾರರು, "ಮಿನಿಸ್ಟ್ರು ಬಂದಾಗ ಓಡಿತ್ತು ಸಾರ್" ಅಂದರು. ನಮ್ಮಲ್ಲಿ ಉದ್ಘಾಟನೆಗೆ ಯಾವತ್ತೂ ದುಡ್ಡು ಸಿಗುತ್ತದೆ. ಆರು ತಿಂಗಳ ನಂತರ ಪ್ರೊಜೆಕ್ಟರ್ ಲ್ಯಾಂಪ್ ಬದಲಿಸೋಕೆ ಮಾತ್ರ ಫೈಲು ಓಡಾಡಬೇಕು.

ಹಾಗಂತ ಕಾಪಾಡೋದು ನಮಗೆ ಬರಲ್ಲ ಅಂತೇನಿಲ್ಲ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳನ್ನೇ ನೋಡಿ. ಭಾನುವಾರ ಸಂಜೆ ಸ್ವಿಚ್ ಹಾಕಿದರೆ ಹತ್ತುತ್ತವೆ, ಆರಿದ್ದನ್ನು ಬದಲಿಸೋಕೆ ಆಳಿದ್ದಾರೆ. ಕಾರ್ಲ್ಸ್‌ರೂಹೆಯಲ್ಲೂ ಅರಮನೆ ಇದೆ. ಊರಿಗೆ 300 ವರ್ಷ ತುಂಬಿದ 2015ರಿಂದ ಬೇಸಿಗೆಯ ರಾತ್ರಿಗಳಲ್ಲಿ ಅದರ ಮುಂಭಾಗದ ಮೇಲೆ ಕಲಾವಿದರು ಬೆಳಕಿನ ಚಿತ್ರ ಹಾಯಿಸುತ್ತಾರೆ. ಜನ ಬಿಯರ್ ಹಿಡಿದು ಹುಲ್ಲಿನ ಮೇಲೆ ಕೂತು ನೋಡುತ್ತಾರೆ. ನಮ್ಮ ದಸರಾ ಜನಸಾಗರದ ಮುಂದೆ ಇದು ಏನೂ ಅಲ್ಲ ಬಿಡಿ. ಆದರೆ ಇಲ್ಲಿ ಪ್ರತಿ ವರ್ಷ ಹೊಸ ಕಲಾವಿದರಿಗೆ ಆ ಗೋಡೆ ಸಿಗುತ್ತದೆ. ನಮ್ಮ ಅರಮನೆಯ ಬಲ್ಬುಗಳು ಚೆಂದ, ಆದರೆ ನಮ್ಮಜ್ಜ ನೋಡಿದ್ದೂ ಅವನ್ನೇ.

ಹಂಪಿಯ ಕಥೆಗೆ ಬರ್ತೀನಿ. ಶಾ 1995ರಲ್ಲಿ ಒಂದು ಯಂತ್ರ ಮಾಡಿದ್ದರು. ಸುತ್ತಲೂ ದುಂಡನೆ ಪರದೆ, ನಡುವೆ ತಿರುಗುವ ಕಟ್ಟೆ. ಅದರ ಮೇಲೆ ನಿಂತವರು ತಾವೇ ತಿರುಗಿಸಿಕೊಂಡು ಚಿತ್ರದೊಳಗೆ ಓಡಾಡಬಹುದು. ಇದೇ ಉಪಾಯದ ಮೇಲೆ 2006ರಲ್ಲಿ ಸಂಶೋಧಕಿ ಸಾರಾ ಕೆಂಡರ್ಡೈನ್ ಜೊತೆ ಸೇರಿ 'ಪ್ಲೇಸ್-ಹಂಪಿ' ಕಟ್ಟಿದರು. ಪರದೆಯ ಅಡ್ಡಳತೆ ಒಂಬತ್ತು ಮೀಟರ್. ತ್ರೀಡಿ ಕನ್ನಡಕ ಹಾಕಿಕೊಂಡರೆ ಹಂಪಿಯ ಬಂಡೆಗಳು ಸುತ್ತುವರಿಯುತ್ತವೆ. 1980ರ ದಶಕದಿಂದ ಹಂಪಿಯನ್ನು ಚಿತ್ರಿಸುತ್ತಿದ್ದ ಜಾನ್ ಗೋಲಿಂಗ್ಸ್ ಫೋಟೋ ತೆಗೆದರು. ಸಂಗೀತ ಎಲ್. ಸುಬ್ರಮಣ್ಯಂ ಅವರದು. ಮೊದಲು ತೋರಿಸಿದ್ದು ಫ್ರಾನ್ಸಿನ ಲೀಲ್‌ನಲ್ಲಿ, ಆಮೇಲೆ ಬರ್ಲಿನ್, ಮೆಲ್ಬರ್ನ್. ನಮ್ಮ ಕಡೆಗೆ ಬಂದಿದ್ದು 2012ರಲ್ಲಿ, ತೋರಣಗಲ್ಲಿನ ಜಿಂದಾಲ್ ಟೌನ್‌ಶಿಪ್ಪಿನ ಕಲಾಧಾಮಕ್ಕೆ. ಅಂದರೆ ಹೊಸಪೇಟೆಯ ಪಕ್ಕದ ಹಂಪಿ ಫ್ರಾನ್ಸ್ ದಾರಿ ಹಿಡಿದು ಸುತ್ತಿ ಬಂದು ಉಕ್ಕಿನ ಕಾರ್ಖಾನೆ ಸೇರಿತು. ಅದು ಬಂದಿದ್ದೇ ದೊಡ್ಡದು, ನಿಜ. ಆದರೆ ಖಾಸಗಿ ಕಂಪನಿಯೊಂದು ಮನಸ್ಸು ಮಾಡಿದ್ದಕ್ಕೆ ಬಂತು. ಹಂಪಿ ಉತ್ಸವದ ಧ್ವನಿ-ಬೆಳಕಿಗೆ ಕಿಕ್ಕಿರಿದು ಸೇರುವ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ನನ್ನ ಅಣ್ಣನ ಮಗಳು ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಅವಳಿಗೆ ಗೇಮ್ ಕಂಪನಿ ಬೇಡ, ಶಾ ಮಾಡಿದಂಥದ್ದು ಮಾಡಬೇಕು. ಅಣ್ಣ ಫೋನ್ ಮಾಡಿ, "ನೀನೇ ಹೇಳೋ, ಅದರಲ್ಲಿ ಊಟಕ್ಕೆ ದಾರಿ ಐತೇನು?" ಅಂದ. ಕೇಳೋದು ತಪ್ಪಲ್ಲ. ಚಿತ್ರಸಂತೆಯಲ್ಲಿ ಕ್ಯಾನ್ವಾಸ್ ಮಾರಬಹುದು, ಕೊಂಡವರು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಬಹುದು. ಒಂಬತ್ತು ಮೀಟರ್ ಪರದೆಯನ್ನು ಯಾರು ಕೊಳ್ಳುತ್ತಾರೆ? ಕೊಳ್ಳೋರಿಲ್ಲದ ಕಲೆ ಇದು. ಯಾರಾದರೂ ಸಂಬಳ ಕೊಟ್ಟು ಸಾಕಬೇಕು, ಇಲ್ಲವೇ ಬಿಡಿಗೆಲಸ ಮಾಡುತ್ತಾ ಬದುಕಬೇಕು.

ಬಿಡಿಗೆಲಸದವರಿಗೂ ಜರ್ಮನಿಯಲ್ಲಿ ಒಂದು ದಾರಿ ಇದೆ. 1983ರಿಂದ ಕಲಾವಿದರಿಗೇ ಒಂದು ಸಾಮಾಜಿಕ ವಿಮೆ ನಡೆಯುತ್ತಿದೆ. ಆಸ್ಪತ್ರೆ ವಿಮೆ, ಪಿಂಚಣಿಯ ಕಂತಿನಲ್ಲಿ ಅರ್ಧ ಕಲಾವಿದ ಕಟ್ಟುತ್ತಾನೆ. ಉಳಿದರ್ಧವನ್ನು ಕಲಾವಿದರಿಂದ ಕೆಲಸ ಮಾಡಿಸಿಕೊಳ್ಳುವ ಕಂಪನಿಗಳು ಮತ್ತು ಸರ್ಕಾರ ಸೇರಿ ತುಂಬುತ್ತವೆ. ಅಂದರೆ ನೌಕರಿಯಿಲ್ಲದವನಿಗೂ ಒಬ್ಬ ಮಾಲೀಕ ಇದ್ದಾನೆ ಅನ್ನೋ ಲೆಕ್ಕ. ನಮ್ಮಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವಯಸ್ಸಾದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಒಳ್ಳೆಯದೇ. ಆದರೆ ಅದು ಸೋತ ಮೇಲೆ ಕೊಡೋದು. ಮೂವತ್ತರ ವಯಸ್ಸಿನಲ್ಲಿ ಜ್ವರ ಬಂದರೆ ಏನು ಗತಿ?

ಇಲ್ಲಿನದೆಲ್ಲ ಸ್ವರ್ಗ ಅಂತಲ್ಲ. ಆ ವಿಮೆಗೆ ಸೇರೋಕೆ ತುಂಬಬೇಕಾದ ಫಾರ್ಮುಗಳು ನಮ್ಮ ತಾಲ್ಲೂಕು ಆಫೀಸನ್ನೂ ನಾಚಿಸುತ್ತವೆ. ಸರ್ಕಾರದ ದುಡ್ಡಿನ ಕಲೆ ಕೆಲವೊಮ್ಮೆ ಯಾರಿಗೂ ಬೇಡದ ಕಲೆಯೂ ಆಗುತ್ತದೆ. ಜನ ಕೃತಿಗಿಂತ ಪಕ್ಕದ ಫಲಕ ಓದೋದೇ ಜಾಸ್ತಿ. ಪಿಸುಮಾತಿನಲ್ಲಿ ಮಾತಾಡುತ್ತಾ ತಲೆಯಾಡಿಸುತ್ತಾರೆ. ಅದೇ ಸೈಕಲ್ಲು ಬಳ್ಳಾರಿಯಲ್ಲಿ ಇದ್ದಿದ್ದರೆ ಹುಡುಗರು ಡಬಲ್ ರೈಡ್ ಹೊಡೆಯುತ್ತಿದ್ದರು!

ನಮ್ಮಲ್ಲೂ ಏನೂ ಆಗುತ್ತಿಲ್ಲ ಅಂದರೆ ಸುಳ್ಳಾಗುತ್ತದೆ. 2012ರಲ್ಲೇ ಕರ್ನಾಟಕ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ತಂದಿತು. ಕೆಲಸ, ಕಂಪನಿ, ರಫ್ತು ಎಲ್ಲ ಅದರಲ್ಲಿ ಬಂತು. ಹೆಬ್ಬಾಳದ ಸೈನ್ಸ್ ಗ್ಯಾಲರಿಗೆ ಟಿಕೆಟ್ಟಿಲ್ಲ, ಪ್ರತಿ ಕೃತಿಯ ಹತ್ತಿರ ವಿವರಿಸೋಕೆ ಹುಡುಗ ಹುಡುಗಿಯರಿರುತ್ತಾರೆ. ಅಂಥದ್ದು ಕಲಬುರಗಿಯಲ್ಲೂ ಹುಬ್ಬಳ್ಳಿಯಲ್ಲೂ ಬೇಕು. ಕಟ್ಟಡ ಆಮೇಲೆ ಕಟ್ಟಿ. ಮೊದಲು ಇರುವ ಮ್ಯೂಸಿಯಂಗಳಲ್ಲೇ ಯಂತ್ರ ನೋಡಿಕೊಳ್ಳೋಕೆ ಒಂದೊಂದು ಕಾಯಂ ಹುದ್ದೆ ಮಾಡಿ, ಅದಕ್ಕೆ ಕಲೆ ಗೊತ್ತಿರುವ ಎಂಜಿನಿಯರನ್ನೋ ವೈರಿಂಗ್ ಗೊತ್ತಿರುವ ಕಲಾವಿದೆಯನ್ನೋ ತಗೊಳ್ಳಿ.

ಅಣ್ಣನ ಮಗಳಿಗೆ ಸದ್ಯಕ್ಕೆ ಒಂದೇ ಮಾತು ಹೇಳಿದ್ದೇನೆ. ರಜೆಗೆ ಊರಿಗೆ ಹೋದಾಗ ತೋರಣಗಲ್ಲಿಗೆ ಹೋಗಿ ಬಾ. ಹಂಪಿ ನೋಡಿದ ಮೇಲೆ, ಯಂತ್ರ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ ಅಂತ ಕೇಳು. ಅವರಿಗೆ ಸಂಬಳ ಎಷ್ಟು ಅಂತಲೂ ಕೇಳಿಕೊಂಡು ಬಾ, ನಿಮ್ಮಪ್ಪನಿಗೆ ಬೇಕಾಗಿರೋದು ಅದೇ.